ಶುಕ್ರವಾರ, ದೀಪ ಹಚ್ಚಿದ ಮೇಲೆ

ಫೋನಿನ ಪರದೆಯಲ್ಲಿದ್ದ ಖಾಕಿ ಬಟ್ಟೆಯವನು ಮೇಜು ಕುಟ್ಟಿ ಗದರಿದ.

"ನಿಮ್ಮ ಹೆಸರಿಗೆ ಬಂದ ಪಾರ್ಸೆಲ್‌ನಲ್ಲಿ ಗಾಂಜಾ ಸಿಕ್ಕಿದೆ. ಬ್ಯಾಂಕಲ್ಲಿರೋದನ್ನೆಲ್ಲ ಈಗಲೇ ನಾವು ಹೇಳೋ ಖಾತೆಗೆ ಹಾಕಿ. ತನಿಖೆ ಮುಗಿದ ಮೇಲೆ ವಾಪಸ್ ಬರುತ್ತೆ."

ದೇವರ ಗೂಡಿನ ಮುಂದೆ ಕೂತಿದ್ದ ಆಕೆ ದಡಬಡನೆ ಎದ್ದು ನಿಂತಳು.

"ಹಾಕ್ತೀನಿ ಸಾರ್. ಆದ್ರೆ ನಾಳೆ ಬೆಳಿಗ್ಗೆ ಹಾಕ್ತೀನಿ."

"ನಾಳೆ ಯಾಕೆ?"

"ಇವತ್ತು ಶುಕ್ರವಾರ ಸಾರ್. ಈಗ ತಾನೇ ದೀಪ ಹಚ್ಚಿದೀನಿ. ದೀಪ ಹಚ್ಚಿದ ಮೇಲೆ ಲಕ್ಷ್ಮೀನ ಮನೆಯಿಂದ ಆಚೆ ಕಳಿಸಬಾರದು."

"ತಮಾಷೆ ಮಾಡ್ತೀರಾ? ಇನ್ನರ್ಧ ಗಂಟೇಲಿ ನಿಮ್ಮ ಮನೆ ಮುಂದೆ ಪೊಲೀಸ್ ಜೀಪು ನಿಲ್ಲುತ್ತೆ. ಬೀದಿಯವರೆಲ್ಲ ನೋಡೋ ಹಾಗೆ ಎಳ್ಕೊಂಡು ಹೋಗ್ತೀವಿ!"

ಆಕೆ ದೇವರ ಗೂಡಿನತ್ತ ನೋಡಿದಳು. ಆಮೇಲೆ ಕಿಟಕಿಯಾಚೆ ನೋಡಿದಳು. ಎದುರು ಮನೆಯ ಜಗಲಿಯ ಮೇಲೆ ಹೆಂಗಸರು ಹೂ ಕಟ್ಟುತ್ತ ಕೂತಿದ್ದರು. ಫೋನ್ ಕಟ್ ಮಾಡಿದಳು.

ಸ್ವಲ್ಪ ಹೊತ್ತಿಗೆಲ್ಲ, ಎರಡು ಸೀರೆ ಮತ್ತು ಬಿ.ಪಿ. ಮಾತ್ರೆ ತುಂಬಿದ ಚೀಲವನ್ನು ಎದೆಗವಚಿಕೊಂಡು, ಆಕೆ ಬಡಾವಣೆಯ ಪೊಲೀಸ್ ಠಾಣೆಯಲ್ಲಿ ನಿಂತಿದ್ದಳು.

"ಏನಮ್ಮಾ, ಏನಾಗ್ಬೇಕು?" ಎಂದು ಕೇಳಿದ ಪೇದೆ.

"ಮನೆ ಮುಂದೆ ಜೀಪು ಮಾತ್ರ ಕಳಿಸಬೇಡಿ ಸಾರ್, ನಾನೇ ಬಂದ್ಬಿಟ್ಟಿದೀನಿ. ಅರೆಸ್ಟ್ ಮಾಡ್ಕೊಳ್ಳಿ."