ಒಳಗೆ ಬಿಟ್ಟ ಬಟ್ಟೆ

ಕೋಟು ತಂಗಿಯ ಹೆಗಲ ಮೇಲೆ ನಿಲ್ಲಲೇ ಇಲ್ಲ. ಎಡಗಡೆ ಎತ್ತಿದರೆ ಬಲಗಡೆ ಜಾರುತ್ತಿತ್ತು, ಬಲಗಡೆ ಹಿಡಿದರೆ ತೋಳು ಬೆರಳನ್ನೆಲ್ಲ ನುಂಗಿಬಿಡುತ್ತಿತ್ತು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಅಕ್ಕ ಹಿಂದೆ ನಿಂತಿದ್ದಳು. ಇಪ್ಪತ್ತಾರು ವರ್ಷ ಹೊಲಿಗೆ ಅಂಗಡಿ ನಡೆಸಿದವಳು, ಅಳತೆ ತಪ್ಪಿದ್ದು ಇದೇ ಮೊದಲು.

"ಯಾರದೋ ಕೋಟು ಕದ್ದು ತಂದವಳ ಹಾಗೆ ಕಾಣ್ತಿದೀನಿ," ಎಂದು ತಂಗಿ ಕನ್ನಡಿಯಲ್ಲಿ ನಕ್ಕಳು.

"ನಂದೇ ತಪ್ಪು ಕಣೇ. ಕನ್ನಡಕ ಇಲ್ಲದೆ ಅಳತೆ ಪುಸ್ತಕ ನೋಡ್ಬಿಟ್ಟೆ."

"ಇರಬೇಕು ಬಿಡು. ವಯಸ್ಸಾಯ್ತಲ್ಲ ನಿಂಗೆ."

ಪುಸ್ತಕ ನೋಡುವಾಗ ಅಕ್ಕನ ಕನ್ನಡಕ ಮೂಗಿನ ಮೇಲೇ ಇತ್ತು. ಅಂಗಡಿಗೆ ಬಂದವರು ಹೋದ ತಿಂಗಳಷ್ಟೇ ಹೊಲಿಸಿಕೊಂಡವರಾದರೂ ಸರಿ, ಮೈಗೆ ಟೇಪು ಹಿಡಿಯದೆ ಆಕೆ ಕತ್ತರಿ ಮುಟ್ಟಿದವಳಲ್ಲ. ತಂಗಿಗೆ ಮಾತ್ರ ಅಳತೆ ಪುಸ್ತಕ ತೆಗೆದು, ಎರಡು ವರ್ಷದ ಹಿಂದೆ ಬರೆದ ಅಂಕಿ ನೋಡಿ ಬಟ್ಟೆ ಕತ್ತರಿಸಿದ್ದಳು. ಈ ಮೈ ನನಗೆ ಗೊತ್ತಿಲ್ಲದ್ದೇನು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ನಿಜ ಬೇರೆಯೇ ಇತ್ತು. ಟೇಪು ಹಿಡಿದರೆ ತಂಗಿ ಎಷ್ಟು ಕರಗಿದ್ದಾಳೆ ಎಂಬುದು ಕಣ್ಣೆದುರು ಬರುತ್ತದೆ, ಬಂದದ್ದನ್ನು ತನ್ನ ಕೈಯಾರೆ ಬರೆಯಬೇಕಾಗುತ್ತದೆ. ಅದಕ್ಕೆ ಆಕೆಗೆ ಧೈರ್ಯ ಸಾಲಲಿಲ್ಲ.

ಹೋದ ತಿಂಗಳು ಡಾಕ್ಟರು ಅಕ್ಕನೊಬ್ಬಳನ್ನೇ ಒಳಗೆ ಕರೆದು, ಕಾಯಿಲೆ ಕೈಮೀರಿದೆ ಎಂದಿದ್ದರು. ಎಲ್ಲಿಗಾದರೂ ಹೋಗಿಬರುವ ಆಸೆ ಇದ್ದರೆ ಈಗಲೇ ಕರೆದುಕೊಂಡು ಹೋಗಿ, ಮುಂದಿನ ಚಳಿಗಾಲಕ್ಕೆಂದು ಕಾಯಬೇಡಿ ಎಂದೂ ಹೇಳಿದ್ದರು. ಅಕ್ಕ ಹೊರಗೆ ಬಂದು ಬಾಯಿಗೆ ಬೀಗ ಹಾಕಿಕೊಂಡಳು. ಮುಂದಿನ ವರ್ಷ ಅಂಗಡಿಯಲ್ಲಿ ಕೈತುಂಬ ಕೆಲಸವಿರುತ್ತದೆ, ಈಗಲೇ ಹೋಗಿಬಿಡೋಣ ಎಂದಷ್ಟೇ ತಂಗಿಗೆ ಹೇಳಿದಳು. ಎಲ್ಲಿಗೆ ಎಂಬ ಪ್ರಶ್ನೆಯೇ ಇರಲಿಲ್ಲ. ಹುಡುಗಿಯರಾಗಿದ್ದಾಗ ಇಬ್ಬರೂ ಫ್ಯಾಷನ್ ಪುಸ್ತಕದ ಮೇಲೆ ಬಗ್ಗಿ ಬಾಯಿ ಬಿಟ್ಟುಕೊಂಡು ನೋಡಿದ ದೂರದೇಶದ ಚಳಿಯ ಊರು ಅದೊಂದೇ. ಅಲ್ಲಿ ಹಾಲು ತರಲು ಹೊರಟ ಮುದುಕಿಯ ಕೋಟಿನ ಇಸ್ತ್ರಿಯೂ ಮುರಿದಿರುವುದಿಲ್ಲವಂತೆ.

ಆ ಊರಿಗೆ ಎರಡು ಸಲ ಹೋಗಿಬಂದ ಬ್ಯಾಂಕಿನ ಮೇಡಂ ಅಂಗಡಿಯಲ್ಲೇ ಅರ್ಧ ಗಂಟೆ ನಿಂತು ಪಾಠ ಮಾಡಿದ್ದರು. ಓಟದ ಬೂಟು ಬೇಡ, ದೊಡ್ಡ ಹೂವಿನ ಚಿತ್ತಾರ ಬೇಡ, ಹೊಟ್ಟೆಗೆ ಕಟ್ಟುವ ಚೀಲವಂತೂ ಬೇಡವೇ ಬೇಡ. ಕಪ್ಪು, ಬೂದು, ಕಡುನೀಲಿ, ಮುಗಿಯಿತು. ಎಲ್ಲಕ್ಕಿಂತ ಮುಖ್ಯವಾಗಿ ಬಟ್ಟೆ ಮೈಗೆ ಕೂತಿರಬೇಕು. ದೊಗಳೆಯಾಗಿದ್ದರೆ, ಉಬ್ಬಿದ್ದರೆ, ಇವರು ಊರು ನೋಡಲು ಬಂದವರು ಎಂದು ಅಲ್ಲಿನ ಮಕ್ಕಳೂ ಹೇಳಿಬಿಡುತ್ತವೆ. ತಂಗಿ ಅಷ್ಟನ್ನೂ ಚೀಟಿಯಲ್ಲಿ ಬರೆದು ಕನ್ನಡಿಯ ಮೂಲೆಗೆ ಅಂಟಿಸಿದ್ದಳು. ಒಂದೇ ಒಂದು ವಾರವಾದರೂ ಆ ಊರಿನವಳ ಹಾಗೆ ಓಡಾಡಬೇಕೆಂಬುದು ಅವಳ ಹಟ. ಬೀರುವಿನಲ್ಲಿ ಎಷ್ಟೋ ವರ್ಷದಿಂದ ಇದ್ದ ಕಡುನೀಲಿ ಉಣ್ಣೆ ಬಟ್ಟೆ ಒಂದು ಕೋಟಿಗಷ್ಟೇ ಸಾಲುತ್ತಿತ್ತು. ನನಗೆ ಹಳೇ ಸ್ವೆಟರೇ ಸಾಕು ಎಂದು ಅಕ್ಕ ಅದನ್ನು ತಂಗಿಗೆ ಕತ್ತರಿಸಿದ್ದಳು. ನಿನಗಿಲ್ಲದ ಕೋಟು ನನಗೇಕೆ ಎಂದು ತಂಗಿ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಅಕ್ಕ ಅಲ್ಲಲ್ಲಿ ಸೂಜಿ ಚುಚ್ಚಿ ಗುರುತು ಮಾಡಿಕೊಂಡು ಮಿಷನ್ನಿನ ಮುಂದೆ ಕೂತಳು. ಎರಡೂ ಪಕ್ಕ ನಾಲ್ಕು ನಾಲ್ಕು ಬೆರಳು ಒಳಗೆ ಹಿಡಿಯಬೇಕಾಯಿತು. ಹಿಡಿದದ್ದನ್ನು ಕತ್ತರಿಸಲಿಲ್ಲ, ಒಳಗೇ ಮಡಿಸಿ ಬಿಟ್ಟಳು. ಅಮ್ಮ ಕಲಿಸಿದ ಪದ್ಧತಿ ಅದು. ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಎಂದು ಈ ಅಂಗಡಿಯಲ್ಲಿ ಯಾರ ಬಟ್ಟೆಗಾದರೂ ಒಳಗೆ ಒಂದಿಷ್ಟು ಬಿಡುತ್ತಿದ್ದರು. ಡಾಕ್ಟರಿಗೆ ತಿಳಿದದ್ದೇ ಕೊನೆಯೇ, ತಂಗಿಯೂ ಮತ್ತೆ ಮೈ ತುಂಬಿಕೊಳ್ಳಬಹುದು ಎಂದು ಅಕ್ಕನ ಪೆದ್ದು ಮನಸ್ಸು ಹೊಲಿಗೆಯ ಉದ್ದಕ್ಕೂ ಹೇಳುತ್ತಲೇ ಇತ್ತು.

ಈ ಸಲ ಭುಜ ಕೂತಿತು, ತೋಳು ಮಣಿಕಟ್ಟಿಗೆ ಬಂತು. ಆದರೆ ಒಳಗೆ ಮಡಿಸಿದ ಬಟ್ಟೆ ಎರಡು ಪಕ್ಕವೂ ಉಬ್ಬಿಕೊಂಡು, ಕೋಟಿನೊಳಗೆ ದಿಂಬು ತುರುಕಿದಂತೆ ಕಾಣುತ್ತಿತ್ತು. ಅಕ್ಕ ಕನ್ನಡಿಯ ಮೂಲೆಯ ಚೀಟಿಯನ್ನು ನೋಡಿದಳು. ಕೋಟು ಬಿಚ್ಚಿಸಿ ಮೇಜಿನ ಮೇಲೆ ಹರಡಿ ಕತ್ತರಿ ಎತ್ತಿಕೊಂಡಳು. ಕೈ ಓಡಲಿಲ್ಲ. ಈ ಬಟ್ಟೆ ಕತ್ತರಿಸಿದರೆ ಡಾಕ್ಟರು ಹೇಳಿದ್ದಕ್ಕೆ ತಾನೂ ಹೂಂ ಎಂದಂತೆ ಅನ್ನಿಸಿತು. ಅಷ್ಟರಲ್ಲಿ ತಂಗಿ ಬಂದು ಕತ್ತರಿಯ ಮೇಲೆ ಕೈಯಿಟ್ಟಳು.

"ಬೇಡ ಅಕ್ಕ. ಇರಲಿ ಬಿಡು."

"ಉಬ್ಬಿ ಕಾಣತ್ತಲ್ಲೇ. ಅಲ್ಲಿನವರು ಒಂದೇ ನೋಟಕ್ಕೆ ಗುರುತು ಹಿಡೀತಾರೆ."

"ಹಿಡೀಲಿ. ಊರು ನೋಡೋಕೇ ತಾನೇ ಹೋಗ್ತಿರೋದು."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಮತ್ತೆ ಮೈ ತುಂಬಿಕೊಳ್ಳುವ ಆಸೆ ಇವಳಿಗೂ ಇದೆ ಎಂದುಕೊಂಡು, ನೀನು ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾನೇ ಬಿಚ್ಚಿ ಸರಿ ಮಾಡಿಕೊಡುತ್ತೇನೆ ಎಂದು ಗಡಿಬಿಡಿಯಲ್ಲಿ ಹೇಳತೊಡಗಿದಳು.

ತಂಗಿ ಅಕ್ಕನ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಎಳೆದುಕೊಂಡು ಅವಳ ಎದೆಗೆ ಸುತ್ತಿ ಅಂಕಿ ನೋಡಿದಳು. ಆಮೇಲೆ ಕೋಟು ಅಳೆದು, ಒಳಗೆ ಬಿಟ್ಟಿದ್ದ ಬಟ್ಟೆಯ ಮೇಲೂ ಅದೇ ಟೇಪು ಹಿಡಿದಳು.

"ಸಾಕಾಗತ್ತೆ," ಎಂದಳು. "ಮುಂದಿನ ಚಳಿಗಾಲಕ್ಕೆ ಎಲ್ಲಾ ಬಿಚ್ಚಿದ್ರೆ ನಿನ್ನ ಮೈಗೆ ಸರಿಯಾಗಿ ಕೂರತ್ತೆ."