ಎರಡು ಸೈಲೆನ್ಸರಿನ ಗಾಡಿ

“ನನ್ನ ಅಂಗೈ ಸುಳ್ಳು ಹೇಳಿದ ದಿನ ಗ್ಯಾರೇಜು ನಿನಗ ಬಿಟ್ಟುಕೊಡ್ತೀನವ್ವಾ” ಎಂದು ಹುಸೇನಪ್ಪ ಮಗಳು ಮೌನೇಶ್ವರಿಗೆ ಮಾತು ಕೊಟ್ಟು ಹತ್ತು ವರ್ಷವಾಗಿತ್ತು. ಎರಡು ಸೈಲೆನ್ಸರಿನ ಬೈಕನ್ನು ಚಾಲೂ ಮಾಡಿಸಿ, ಹಿಂದೆ ಕುಕ್ಕರುಗಾಲಲ್ಲಿ ಕೂತು, ಎಡ ಸೈಲೆನ್ಸರಿಗೆ ಎಡಗೈ, ಬಲಕ್ಕೆ ಬಲಗೈ ಒಡ್ಡಿದರೆ ಸಾಕು, ಹೊಗೆಯ ಹೊಡೆತದಲ್ಲೇ ಇಂಜಿನ್ನಿನ ರೋಗ ಹೇಳಿಬಿಡುತ್ತಿದ್ದ. ಸಿಂಧನೂರಿಗೆಲ್ಲ ಅದು ಗೊತ್ತಿತ್ತು.

ಇವತ್ತು ಮುಕ್ಕುಂದದ ಗಾದಿಲಿಂಗ ಅಂಥದೇ ಒಂದು ಹೊಸ ಗಾಡಿಗೆ ಬರೀ ಆಯಿಲ್ ಬದಲಿಸಲು ಬಂದಿದ್ದ. ಹುಸೇನಪ್ಪ ರೂಢಿಯಂತೆ ಕೈ ಒಡ್ಡಿದವನೇ, “ಬಲಕ್ಕ ಉಸಿರs ಇಲ್ಲ. ಇಂಜಿನ್ ಬಿಚ್ಚಬೇಕು” ಎಂದ.

“ಕಂಪನಿ ಸೈಲೆನ್ಸರ್ ಐತ್ರಿ ಕಾಕಾ! ಪೂಜೆ ಮಾಡಿದ ಹಾರ ಇನ್ನಾ ಬಾಡಿಲ್ಲ” ಎಂದು ಗಾದಿಲಿಂಗ ತಲೆಯ ಮೇಲೆ ಕೈ ಹೊತ್ತ.

ಮೌನೇಶ್ವರಿ ನಟ್ಟು ಬಿಚ್ಚುವ ಪಾನಾ ತರಲು ಒಳಗೆ ಹೋದಳು. ಹುಸೇನಪ್ಪನಿಗೆ ಏನನ್ನಿಸಿತೋ, ಕೈಗಳನ್ನು ಅದಲುಬದಲು ಮಾಡಿ ಒಡ್ಡಿದ. ಸತ್ತಿದೆ ಎಂದಿದ್ದ ಬಲ ಸೈಲೆನ್ಸರಿನ ಬಿಸಿ ಎಡಗೈಗೆ ರಪ್ಪನೆ ಬಡಿಯಿತು. ಬಲಗೈಗೆ ಈಗಲೂ ಏನೂ ತಾಗಲಿಲ್ಲ. ಅದನ್ನು ಯಾರೂ ನೋಡಿರಲಿಲ್ಲ; ಗಾದಿಲಿಂಗ ತಲೆ ತಗ್ಗಿಸಿ ನಿಂತಿದ್ದ.

“ಬಿಚ್ಚಲೇನು, ಯಪ್ಪಾ?”

“ಬ್ಯಾಡವ್ವಾ. ಗಾಡಿ ಚಲೋ ಐತಿ. ನನ್ನ ಬಲಗೈಗೆ ಏನೂ ತಿಳಿಯವಲ್ದು.”

ಗ್ಯಾರೇಜಿನ ಕೀಲಿಯನ್ನು ಹುಸೇನಪ್ಪ ಅವತ್ತೇ ಮಗಳಿಗೆ ಕೊಟ್ಟ.