ಹಳದಿ ಚುಕ್ಕೆ

ಅಳಿಯ ತಾನು ಕೆಲಸ ಮಾಡುವ ಕಂಪನಿಯಿಂದಲೇ ಮಾವನಿಗೆಂದು ಹೊಸ ಬೈಕು ತಂದು ನಿಲ್ಲಿಸಿ, ಒಳಗೆ ಮಲಗಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮರಿಸ್ವಾಮಯ್ಯನಿಗೆ ಕಂಪನಿಯವರ ಕೆಲಸದ ಮೇಲೆ ನಂಬಿಕೆಯಿಲ್ಲ. ಸ್ಪ್ಯಾನರ್ ಹಿಡಿದು ಅಂಗಳದಲ್ಲಿ ಕೂತು ಹ್ಯಾಂಡಲಿನ ಬೋಲ್ಟ್ ಮುಟ್ಟಿದರೆ, ಅದು ಬರಿಗೈಗೇ ತಿರುಗಿತು.

"ಥೂ! ಮಂಗಳಾ, ಬಾ ನೋಡಿಲ್ಲಿ. ಬಿಗಿ ನೋಡಿದ್ದೀನಿ ಅಂತ ಮೇಲೆ ಹಳದಿ ಚುಕ್ಕೆ ಬೇರೆ ಇಟ್ಟಿದ್ದಾನೆ, ಬೇವರ್ಸಿ!"

ಕಾಫಿ ತಂದ ಮಗಳು ಬಗ್ಗಿ ನೋಡಿದಳು. ಚಕ್ರದ ಬೋಲ್ಟೂ ಸಡಿಲ. ಅದರ ಮೇಲೂ ಚುಕ್ಕೆ.

"ಮುಟ್ಟೂ ನೋಡಿಲ್ಲ ಕಣೇ. ಮದುಮಗಳಿಗೆ ದೃಷ್ಟಿಬೊಟ್ಟು ಇಟ್ಟಂಗೆ ಇಟ್ಕೊಂಡು ಹೋಗಿದ್ದಾನೆ. ಅಳಿಯಂದ್ರು ಅಲ್ಲಿ ದೊಡ್ಡ ಆಫೀಸರ್ ತಾನೆ? ಎದ್ದ ಮೇಲೆ ಹೇಳು, ಈ ಚುಕ್ಕೆಯವನನ್ನ ಮೊದ್ಲು ಮನೆಗೆ ಕಳಿಸ್ಲಿ."

"ಆಫೀಸರ್ ಅಂದಿದ್ದು ಮದುವೆ ಬ್ರೋಕರ್, ಅಪ್ಪಾ."

ಮರಿಸ್ವಾಮಯ್ಯ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಇಂಥ ಮೈಗಳ್ಳನಿಗೂ ಯಾವನೋ ಹೆಣ್ಣು ಕೊಟ್ಟಿರ್ತಾನೆ ನೋಡು! ಹಿಂದೆಮುಂದೆ ವಿಚಾರಿಸದೆ ಕೊಟ್ಟ ಆ ಮುಠ್ಠಾಳನ ಮುಖ ಒಂದ್ಸಲ ನೋಡ್ಬೇಕು ಕಣೇ."

ಮಂಗಳ ಕಾಫಿ ಲೋಟ ಕೆಳಗಿಟ್ಟು, ಬೈಕಿನ ಕನ್ನಡಿಯನ್ನು ಅಪ್ಪನ ಕಡೆಗೆ ತಿರುಗಿಸಿದಳು.